ಅತಿಕ್ರಮಣ ಮಾಡಿದ ವರ್ಷ

ಕಾಮಿ ಚಿಕ್ಕಿಯನ್ನು ಕಳ್ಳಿ ಮಾಡಿದವಳು ನಾನು. ಪೊಲೀಸರಲ್ಲ, ಕಾಡಿನ ಗಾರ್ಡುಗಳೂ ಅಲ್ಲ. ನಾನು, ಯಶೋದಾ, ಅವಳ ಗಂಡನ ಅಣ್ಣನ ಮಗಳು. ಒಂದು ನೀಲಿ ಬಾಲ್‌ಪೆನ್ನಿನಿಂದ ಮಾಡಿದೆ.

ಅದು ತೊಂಬತ್ತೆರಡನೇ ಇಸವಿ. ನನಗೆ ಹತ್ತೊಂಬತ್ತು ವರ್ಷ. ಅಂಕೋಲೆ ಸೀಮೆಯ ನಮ್ಮ ಹಾಲಕ್ಕಿ ಜನರ ಕೊಪ್ಪದಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹುಡುಗಿ ನಾನು. ಕೊಪ್ಪದ ಯಾವ ಮನೆಗೂ ಪಟ್ಟೆ ಇಲ್ಲ, ನೆಲ ನಮ್ಮದೆನ್ನುವ ಕಾಗದ ಇಲ್ಲ. ನಾವು ಉಳುವ ಗದ್ದೆ, ನೀರು ಹಾಕುವ ಹಿತ್ತಿಲು, ಮಲಗುವ ಮನೆ ಎಲ್ಲವೂ ನಕ್ಷೆಯಲ್ಲಿ ಕಾಡು. ಪೇಟೆಯಿಂದ ಒಬ್ಬ ಪುಢಾರಿ ಒಂದು ಕಟ್ಟು ಫಾರ್ಮು ತಂದು ನನ್ನ ಮುಂದೆ ಇಟ್ಟ. ಎಪ್ಪತ್ತೆಂಟರ ಏಪ್ರಿಲ್‌ಗಿಂತ ಮೊದಲು ಅತಿಕ್ರಮಣ ಮಾಡಿದವರದ್ದು ಸಕ್ರಮ ಆಗುತ್ತದೆ, ಎಲ್ಲರದ್ದೂ ಎಪ್ಪತ್ತಾರು ಅಂತ ಬರೆ ಎಂದ. ಬರೆದೆ. ನಲವತ್ಮೂರು ಮನೆಗೂ ಅದೇ ವರ್ಷ. ನಮ್ಮ ಕೊಪ್ಪದ ಎಲ್ಲರೂ ಒಂದೇ ವರ್ಷ ಎಲ್ಲಿಂದಲೋ ಬಂದು ಕಾಡಿಗೆ ನುಗ್ಗಿದ ಹಾಗೆ.

ಕಾಮಿ ಚಿಕ್ಕಿಯ ಸರದಿ ಬಂತು. ಅವಳು ಆ ಮನೆಯಲ್ಲೇ ಹುಟ್ಟಿದವಳು. ನನ್ನ ಚಿಕ್ಕಪ್ಪ ಜಟ್ಟ ಅದೇ ಕೊಪ್ಪದ ಈ ತುದಿಯಿಂದ ಆ ತುದಿಗೆ ಮನೆ ಅಳಿಯನಾಗಿ ಹೋದವನು. ಮಕ್ಕಳಾಗಲಿಲ್ಲ. ಅವನು ಸತ್ತ ಮೇಲೆ ಮೂವತ್ತು ಗುಂಟೆ ನೆಲ, ಒಂದು ಹುಲ್ಲಿನ ಮನೆ, ಅದರೊಳಗೆ ಚಿಕ್ಕಿ ಒಬ್ಬಳು.

"ನಮ್ದು ಅಜ್ಜನ ಕಾಲದ್ದು ಮಗಾ. ಎಪ್ಪತ್ತಾರು ಅಂದ್ರೆ ಮೊನ್ನೆ ಆಯ್ತಲ್ಲೇ" ಎಂದಳು.

"ಹಂಗೆ ಬರದ್ರೆ ಆಗೂದಿಲ್ಲ ಚಿಕ್ಕಿ. ಅವ್ರು ಹೇಳಿದ ವರ್ಷನೇ ಬರೀಬೇಕು."

"ಅತಿಕ್ರಮಣ ಅಂದ್ರೆ ಎಂತದೇ?"

ಅವಳ ಹಿಂದೆ ಇಪ್ಪತ್ತು ಜನ ನಿಂತಿದ್ದರು. ನನ್ನ ಮುಂದೆ ಜನ ಸಾಲು ನಿಂತದ್ದು ಅದೇ ಮೊದಲು. ಕೋತಿಗೆ ಹೆಂಡ ಕುಡಿಸಿದ ಹಾಗಾಗಿತ್ತು ನನಗೆ. ಅಪ್ಪನ ವಯಸ್ಸಿನವರು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಇವಳೊಬ್ಬಳಿಗೆ ಬಿಡಿಸಿ ಹೇಳುತ್ತ ಕೂರುವ ತಾಳ್ಮೆ ನನಗಿರಲಿಲ್ಲ.

"ಗದ್ದೆ ಹಿತ್ಲಿಗೆ ಸರ್ಕಾರದ ಭಾಷೇಲಿ ಹಂಗೆ ಹೇಳೂದು. ಒತ್ತು ಹೆಬ್ಬೆರಳು" ಎಂದೆ.

ಒತ್ತಿದಳು. ಆ ಅರ್ಜಿ ಏನಾಯಿತೋ ಯಾರಿಗೂ ಗೊತ್ತಿಲ್ಲ. ಪುಢಾರಿ ಒಂದು ಚುನಾವಣೆ ಗೆದ್ದ. ಚಿಕ್ಕಿಗೆ ಮಾತ್ರ ಒಂದು ಹೊಸ ಶಬ್ದ ಸಿಕ್ಕಿತು. ಅದನ್ನು ಅವಳು ಕೊರಳಿನ ಮಣಿಸರಗಳ ಜೊತೆಗೆ ಇನ್ನೊಂದು ಸರ ಹಾಕಿಕೊಂಡಂತೆ ಹಾಕಿಕೊಂಡಳು. ಅಂಕೋಲೆ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತರೆ, "ತಕಳಿ ಅಮ್ಮಾ, ನಮ್ಮ ಅತಿಕ್ರಮಣದ ಬದ್ನೆಕಾಯಿ. ಸೆಗಣಿಗೊಬ್ಬರ ಬಿಟ್ರೆ ಬೇರೆಂತ ಹಾಕೂದಿಲ್ಲ" ಎನ್ನುತ್ತಿದ್ದಳು. ಮಾಸ್ತರರ ಹೆಂಡಂದಿರು, ಬ್ಯಾಂಕಿನವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ತನ್ನ ಬದನೆ ಕಂಡು ಖುಷಿಪಟ್ಟರು ಎಂದು ಅವಳೂ ನಗುತ್ತಿದ್ದಳು. ನಾನು ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ. ಕೇಳಿಸಿಕೊಂಡೂ ಕೇಳಿಸದ ಹಾಗೆ ಹೋಗಿದ್ದೇನೆ. ಹದಿನೇಳು ವರ್ಷ ಹೋಗಿದ್ದೇನೆ.

ಈ ಹದಿನೇಳು ವರ್ಷದಲ್ಲಿ ನಾನು ಅಂಗನವಾಡಿ ಟೀಚರ್ ಆದೆ. ನಮ್ಮ ಹೆಂಗಸರ ಮಣಿಸರ ತೆಗೆದೆ, ಅವರು ತೊಡದ ರವಿಕೆ ತೊಟ್ಟೆ. ಮದುವೆ ಆಗಲಿಲ್ಲ. ಓದಿದವಳು ಮಾತು ಕೇಳುವುದಿಲ್ಲ ಎಂದು ಕೊಪ್ಪದ ಗಂಡುಗಳು ಬರಲಿಲ್ಲ. ಹಾಲಕ್ಕಿಯವಳು ಎಂದು ಪೇಟೆಯ ಗಂಡುಗಳು ಬರಲಿಲ್ಲ. ಅಣ್ಣ ಹರೀಶನ ಮನೆಯ ಜಗಲಿಯ ಒಂದು ಕೋಣೆ ನನ್ನದು. ಕೊಪ್ಪದ ಹೆಂಗಸರು ಗದ್ದೆಯಲ್ಲಿ ಹಾಡಿಕೊಂಡು ನಾಟಿ ಮಾಡುವಾಗ ನಾನು ಹತ್ತಿರ ಹೋದರೆ ಹಾಡು ನಿಲ್ಲುತ್ತದೆ. ಯಾವುದೋ ಕಾಗದದ ಕೆಲಸಕ್ಕೆ ಬಂದಿದ್ದೇನೆ ಎಂದು ತಿಳಿಯುತ್ತಾರೆ. ಅದು ಸುಳ್ಳೂ ಅಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಹೊಸ ಕಾಯ್ದೆಯ ಅರಣ್ಯ ಹಕ್ಕು ಸಮಿತಿ ಆಯಿತು. ಬರೆಯಲು ಬರುತ್ತದೆ ಎಂದು ನನ್ನನ್ನೇ ಕಾರ್ಯದರ್ಶಿ ಮಾಡಿದರು. ಕಾಡಿನಲ್ಲಿ ಬದುಕಿದವರಿಗೆ ಆಗಿರುವ ಅನ್ಯಾಯ ಸರಿಪಡಿಸುವ ಕಾಯ್ದೆ ಎಂದು ಅದರ ಮೊದಲ ಪುಟದಲ್ಲೇ ಇದೆ. ಓದಿ ಕಣ್ಣು ತುಂಬಿ ಬಂತು ನನಗೆ. ಎರಡನೇ ಪುಟಕ್ಕೆ ಬಂದಾಗ ಒಣಗಿತು. ಪರಿಶಿಷ್ಟ ಪಂಗಡದವರಿಗೆ ಒಂದು ನಿಯಮ. ಉಳಿದವರು ಮೂರು ತಲೆಮಾರು, ಎಪ್ಪತ್ತೈದು ವರ್ಷ ಅಲ್ಲೇ ಇದ್ದದ್ದು ತೋರಿಸಬೇಕು. ನಾವು ಆ ಪಟ್ಟಿಯಲ್ಲಿಲ್ಲ. ನಮ್ಮ ಹೆಸರಿನ ಮುಂದೆ ಗೌಡ ಎಂದಿದೆ. ಗೌಡ ಎಂದರೆ ಆಚೆ ಸೀಮೆಯಲ್ಲಿ ದೊಡ್ಡ ಜಮೀನುದಾರನಂತೆ. ನಮ್ಮ ಗೌಡರು ಜಮೀನುದಾರರ ತೋಟಕ್ಕೆ ಸೊಪ್ಪು ಹೊರುವವರು ಎಂದು ಯಾವ ಪಟ್ಟಿಯಲ್ಲಿ ಬರೆಸುವುದು?

ಊರ ಹಿರಿಯರ ಮಾತೂ ಸಾಕ್ಷಿ ಎಂದು ಕಾಯ್ದೆಯಲ್ಲಿದೆ. ನಾನೇ ಓದಿದ್ದೇನೆ. ಕಚೇರಿಯಲ್ಲಿ ಹೇಳಿದರೆ, "ಬಾಯಿ ಮಾತು ಯಾರು ಬೇಕಾದರೂ ಆಡ್ತಾರೆ, ಕಾಗದ ತನ್ನಿ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ನಲವತ್ಮೂರು ಮನೆಯ ಹೊಸ ಅರ್ಜಿಗಳಲ್ಲಿ ಮೊದಲು ವಿಚಾರಣೆಗೆ ಬಂದದ್ದು ಕಾಮಿ ಚಿಕ್ಕಿಯದ್ದು. ಅವಳ ಹಿತ್ತಿಲು ಕಾಡಿಗೆ ತೀರ ಒತ್ತಿಕೊಂಡಿತ್ತು. ಅರ್ಜಿ ಬಿದ್ದುಹೋದರೆ ಎಬ್ಬಿಸುತ್ತೇವೆ ಎಂದು ಗಾರ್ಡು ಆಗಲೇ ಹೇಳಿ ಹೋಗಿದ್ದ.

ಕಾಗದ ಇದ್ದವರನ್ನು ಕೇಳೋಣ ಎಂದು ಅನಂತಪದ್ಮನಾಭ ಭಟ್ಟರ ಮನೆಗೆ ಹೋದೆ. ಅಡಿಕೆ ತೋಟದವರು. ಚಿಕ್ಕಿ ಮೂವತ್ತು ವರ್ಷ ಅವರ ಬೆಟ್ಟದಲ್ಲಿ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದಿದ್ದಾಳೆ. ಸೊಪ್ಪು ಕಡಿಯುವುದೆಂದರೆ ಮರ ಹತ್ತಬೇಕು. ಚಗಳಿ ಇರುವೆ ಕೊರಳಿಗೆ, ಕಂಕುಳಿಗೆ ಕಚ್ಚುತ್ತದೆ. ಎರಡೂ ಕೈಗೆ ಕೆಲಸ, ಕೊಡವಿಕೊಳ್ಳಲಾಗದು. ಆಮೇಲೆ ಹಸಿ ಸೊಪ್ಪಿನ ಹೊರೆ ತಲೆಯ ಮೇಲೆ, ಕಲ್ಲಿನ ಇಳಿಜಾರು ಕಾಲ ಕೆಳಗೆ. ಚಿಕ್ಕಿಯ ಕತ್ತು ಈಗ ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾಳೆ.

ಭಟ್ಟರು ಕೆಟ್ಟವರಲ್ಲ. ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ತಾವು ಜಗಲಿಯಲ್ಲಿ ಕೂತು, ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಕಾಗದ ತೆಗೆದು ತೋರಿಸಿದರು. ಅವರ ಅಜ್ಜನ ಹೆಸರಿಗೆ ಬ್ರಿಟಿಷ್ ಸಾಹೇಬ ಬರೆದುಕೊಟ್ಟದ್ದು. ತೋಟಕ್ಕೆ ಸೊಪ್ಪು ಬೇಕಲ್ಲ, ತೋಟದ ಎಷ್ಟೋ ಪಟ್ಟು ಬೆಟ್ಟ ಬಳಸಿಕೊಳ್ಳಬಹುದು ಎಂದು ಅದರಲ್ಲಿತ್ತು. ಕೆಳಗೆ ಬಾಲ ಎಳೆದ ದೊಡ್ಡ ಸಹಿ.

"ಬ್ರಿಟಿಷರು ಕಾಗದಪತ್ರದಲ್ಲಿ ಭಾರೀ ಚೊಕ್ಕ ನೋಡು" ಎಂದರು ಭಟ್ಟರು. "ಯಾರನ್ನೂ ಬಿಟ್ಟವರಲ್ಲ. ನಿಮ್ಮದೂ ಎಲ್ಲಾದರೂ ಬರೆದಿಟ್ಟಿರ್ತಾರೆ. ಕಾರವಾರದ ರೆಕಾರ್ಡು ಕೋಣೆಲಿ ಹುಡುಕು."

ಹುಡುಕಿದೆ. ಅಲ್ಲಿನ ಜವಾನ ಬಾಬು ಮೂರು ಸಲ "ಫಾಲ್ಯಾ ಯೋ ಬಾಯೇ" ಎಂದು ಕಳಿಸಿದ. ಅವನ ಕೊಂಕಣಿಯಲ್ಲಿ ನಾಳೆ ಬಾ ಎಂದು. ನಾಲ್ಕನೇ ಸಲ ನನ್ನ ಮುಖ ನೋಡಿ ಬೇಸರ ಬಂದಿರಬೇಕು, ಒಂದು ಬಟ್ಟೆ ಗಂಟು ಇಳಿಸಿ ಮೇಜಿನ ಮೇಲೆ ಹಾಕಿದ. ಪುಡಿ ಪುಡಿಯಾಗುವ ಪುಟಗಳು. ಕಾಡಿನ ಗುನ್ನೆಗಳ ಪುಸ್ತಕ. ಸಾವಿರದ ಒಂಬೈನೂರ ಇಪ್ಪತ್ತಾರು. ಎರಡು ದಿನ ಕೂತು ಓದಿದೆ. ಎರಡನೇ ದಿನ ಮಧ್ಯಾಹ್ನ ಸಿಕ್ಕಿತು.

ಸುಕ್ರ ಬಿನ್ ಮಾದೇವ, ಹಾಲಕ್ಕಿ ಒಕ್ಕಲು. ಸ್ಥಳ, ನಮ್ಮ ಕೊಪ್ಪ. ಗುನ್ನೆ, ಸರಕಾರಿ ಕಾಡಿನಲ್ಲಿ ಕುಮರಿ ಸುಟ್ಟು ರಾಗಿ ಬಿತ್ತಿದ್ದು. ಶಿಕ್ಷೆ, ಒಂದು ತಿಂಗಳು ಸಕ್ತ ಸಜೆ. ಕತ್ತಿ ಜಪ್ತು.

ಸುಕ್ರ ಎಂದರೆ ಕಾಮಿ ಚಿಕ್ಕಿಯ ಅಜ್ಜ. ಕುಮರಿ ಎಂದರೆ ಪೊದೆ ಸವರಿ, ಸುಟ್ಟು, ಬೂದಿಯಲ್ಲಿ ಬಿತ್ತಿ, ಎರಡು ವರ್ಷ ಬೆಳೆದು ನೆಲವನ್ನು ಮತ್ತೆ ಕಾಡಿಗೇ ಬಿಡುವುದು. ನಮ್ಮವರ ಬೇಸಾಯ ಅದೇ ಆಗಿತ್ತು. ಕೆಳಗೆ ಸಹಿ ಇತ್ತು. ಬಾಲ ಎಳೆದ ದೊಡ್ಡ ಸಹಿ. ಭಟ್ಟರ ಕಾಗದದಲ್ಲಿದ್ದದ್ದೇ. ಒಂದೇ ಸಾಹೇಬ, ಒಂದೇ ಕೈ. ಸೊಪ್ಪು ಕಡಿಸಿದವನಿಗೆ ಬೆಟ್ಟ ಕೊಟ್ಟ. ರಾಗಿ ಬಿತ್ತಿದವನಿಗೆ ಜೈಲು ಕೊಟ್ಟ. ಚೊಕ್ಕ, ಭಾರೀ ಚೊಕ್ಕ.

ಆದರೆ ಆ ಹೊತ್ತಿಗೆ ನನಗೆ ಸಿಟ್ಟು ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಕುಣಿದೆ. ಎಂಬತ್ಮೂರು ವರ್ಷದ ಪುರಾವೆ ಸಿಕ್ಕಿತ್ತು. ಒಬ್ಬ ಮುದುಕನ ಜೈಲಿನ ಚೀಟಿ ಹಿಡಿದುಕೊಂಡು, ಲಾಟರಿ ಹೊಡೆದವಳ ಹಾಗೆ ನಕಲು ಮಾಡಿಸಿಕೊಂಡು ಓಡಿ ಬಂದೆ.

ಚಿಕ್ಕಿ ಬದನೆ ಪಾತಿಗೆ ನೀರು ಹೊಯ್ಯುತ್ತಿದ್ದಳು. ಓದಿ ಹೇಳಿದೆ. ಕೊಡ ಕೆಳಗಿಟ್ಟಳು.

"ಅಜ್ಜ ಯಾವಾಗ್ಲೂ ತಲೆಗೆ ವಸ್ತ್ರ ಕಟ್ಕಂಡೇ ಇರ್ತಿದ್ದ" ಎಂದಳು ಆಮೇಲೆ. "ಮೀಯುವಾಗೂ ಬಿಚ್ಚೂದಿಲ್ಲ. ನಾ ಸಣ್ಣಕಿದ್ದಾಗ ಆಟಕ್ಕೆ ಎಳ್ದೆ. ಅತ್ತುಬಿಟ್ಟ. ಕಾರವಾರದಲ್ಲಿ ಅಜ್ಜನ ಜುಟ್ಟು ಬೋಳ್ಸಿದ್ರು ಅಂತ ಅವ್ವಿ ಹೇಳ್ದಳು. ಯಾರು, ಎಂತಕೆ ಅಂತ ಹೇಳ್ಲಿಲ್ಲ. ಕೂದ್ಲು ಮತ್ತೆ ಬೆಳೆದಿತ್ತು ಮಗಾ, ನಾ ಕಂಡಿದ್ದೆ. ಆದ್ರೂ ಕಟ್ಕಳ್ತಿದ್ದ."

"ಅದೇ ನಮ್ಗೆ ಈಗ ಪುರಾವೆ ಚಿಕ್ಕಿ" ಎಂದೆ ನಾನು. ನನ್ನ ಬಾಯಿಗೆ ಮಣ್ಣು ಬೀಳಲಿ.

ವಿಚಾರಣೆಯ ದಿನ ಕಾರವಾರಕ್ಕೆ ಬೆಳಗಿನ ಬಸ್ಸು ಹಿಡಿದೆವು. ಕಚೇರಿಯ ಬಾಗಿಲಲ್ಲಿ ಅವಳ ಬುಟ್ಟಿ ಹೊರಗಿಡಿಸಿದರು. ಸಾಹೇಬರಿಗೆ ಎಂದು ತಂದ ಬದನೆ ಅದರಲ್ಲಿತ್ತು. ಎರಡು ತಾಸು ನಿಂತೆವು. ಕಟ್ಟೆಯ ಮೇಲೆ ಕೂರಲು ಹೋದರೆ ಜವಾನ ಎಬ್ಬಿಸಿದ. ಒಬ್ಬ ಗುಮಾಸ್ತ ಬಂದು ಕೇಳದೆ ಹೇಳದೆ ಅವಳ ಮುಂದೆ ಮೊಬೈಲ್ ಹಿಡಿದ. ಮಣಿಸರದ ಫೋಟೋ ಬೇಕಂತೆ. "ಸ್ವಲ್ಪ ಈಚೆ ತಿರುಗು ಅಜ್ಜಿ" ಎಂದು ಎಡಕ್ಕೆ ಕರೆದ. ಅವಳು ಇಡೀ ಮೈ ತಿರುಗಿಸಿದಳು. ರವಿಕೆಯಿಲ್ಲದ ಅವಳ ಭುಜ, ಸೆರಗು, ಮಣಿಗಳು, ಎಲ್ಲವನ್ನೂ ಹಿಡಿದುಕೊಂಡು ಹೋಗಿ ಪಕ್ಕದ ಮೇಜಿನವನಿಗೆ ತೋರಿಸಿದ. ನಾನು ಏನೂ ಹೇಳಲಿಲ್ಲ. ನಮ್ಮ ಕಡತ ಅವನ ಮೇಜಿನ ಮೇಲಿತ್ತು.

ಒಳಗೆ ಮೂವರು ಕೂತಿದ್ದರು. ನಡುವೆ ಕೂತ ಸಾಹೇಬ ಇನ್ನೂ ಮೂವತ್ತೈದು ದಾಟದವರು. ಮಾತು ಮೆತ್ತಗೆ. ನಾನು ಬರೆದ ತೊಂಬತ್ತೆರಡರ ಅರ್ಜಿ ಅವರ ಕಡತದಲ್ಲೇ ಉಳಿದಿತ್ತು, ಅದನ್ನೂ ಜೈಲಿನ ಚೀಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡರು.

"ಒಂದರಲ್ಲಿ ಎಪ್ಪತ್ತಾರು ಅಂತಿದೆ. ಇನ್ನೊಂದರಲ್ಲಿ ಇಪ್ಪತ್ತಾರು. ಯಾವುದು ನಿಜ?"

ನಾನು ಎದ್ದು ಹೇಳಿದೆ. ಪುಢಾರಿ ಹೇಳಿದ್ದು, ನಾನು ಬರೆದದ್ದು, ಎಲ್ಲ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿದರು.

"ಸರಿ. ಹಳೆಯ ದಾಖಲೆ ಗಟ್ಟಿಯಿದೆ. ನಾನು ಇದನ್ನು ಒಪ್ಪಿಕೊಳ್ಳಬಹುದು. ಒಂದು ಮುಚ್ಚಳಿಕೆ ಬರೆದುಕೊಡಲಿ. ನನ್ನ ಅಜ್ಜ ಸರ್ಕಾರಿ ಅರಣ್ಯದಲ್ಲಿ ಅತಿಕ್ರಮಣ ಮಾಡಿದ್ದು ನಿಜ, ನಾನು ಅದನ್ನೇ ಮುಂದುವರಿಸಿದ್ದೇನೆ, ತೊಂಬತ್ತೆರಡರಲ್ಲಿ ಸುಳ್ಳು ಹೇಳಿದ್ದಕ್ಕೆ ಕ್ಷಮಿಸಬೇಕು. ಇಷ್ಟೇ. ಹೆಬ್ಬೆಟ್ಟು ಒತ್ತಿದರೆ ಜಾಗ ಇವರದ್ದಾಗುತ್ತದೆ."

ನನ್ನ ಎದೆಯಿಂದ ಕಲ್ಲಿಳಿಯಿತು. ಗುಮಾಸ್ತ ಟೈಪು ಮಾಡಿ ತಂದ. ಚಿಕ್ಕಿಯ ಕೈ ಹಿಡಿದು ಹೆಬ್ಬೆರಳಿಗೆ ಮಸಿ ಹಚ್ಚಿದ. ಅವಳಿಗೆ ಒಂದು ಶಬ್ದ ಮಾತ್ರ ಗುರುತು ಸಿಕ್ಕಿತ್ತು. ನಕ್ಕಳು.

"ಹೌದು ಸಾಯ್ಬ್ರೆ. ಅತಿಕ್ರಮಣ ನಮ್ದೇಯ. ಚಲೋ ಅತಿಕ್ರಮಣ. ಬದ್ನೆ ಆಗ್ತದೆ, ಬೆಂಡೆ ಆಗ್ತದೆ. ಬುಟ್ಟಿ ಹೊರಗೆ ಅದೆ, ನೀವೇ ಕಾಣಿ."

ಮೂವರೂ ನಕ್ಕರು. ಎಡಗಡೆ ಕೂತವರಿಗೆ ತಡೆಯಲಾಗಲಿಲ್ಲ. "ಅಜ್ಜೀ, ಅತಿಕ್ರಮಣ ಅಂದ್ರೆ ಏನು ಗೊತ್ತುಂಟಾ? ತನ್ನದಲ್ಲದ ಜಾಗಕ್ಕೆ ಕದ್ದು ಹೊಕ್ಕೂದು" ಎಂದರು.

ಚಿಕ್ಕಿ ಇಡೀ ಮೈ ತಿರುಗಿಸಿ ಮೊದಲು ಅವರನ್ನು ನೋಡಿದಳು. ಆಮೇಲೆ ನನ್ನನ್ನು. ಹದಿನೇಳು ವರ್ಷದ ಪೇಟೆಯ ನಗು ಅವಳಿಗೆ ಆಗ ಅರ್ಥವಾಯಿತು. ಒಂದೊಂದೇ ಅರ್ಥವಾಗುವುದನ್ನು ನಾನು ಅವಳ ಮುಖದಲ್ಲಿ ಕಂಡೆ.

"ಒತ್ತಮ್ಮ" ಎಂದ ಗುಮಾಸ್ತ.

ಅವಳು ಮಸಿ ಹತ್ತಿದ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಅವನು ಬಿಡಿಸಲು ನೋಡಿದ. ಮೂವತ್ತು ವರ್ಷ ಕತ್ತಿ ಹಿಡಿದ ಕೈ. ಬಿಡಿಸಲು ಆಗಲಿಲ್ಲ.

"ಅಜ್ಜಿ, ಬರೀ ವರ್ಷದ ವಿಷಯ ಅದು" ಎಂದರು ಸಾಹೇಬರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೇನೆ. ಅತಿಕ್ರಮಣ ಮಾಡಿದ ವರ್ಷ ಯಾವುದು ಅಂತ ನಮಗೆ ಬೇಕು."

"ಅದು ನಂಗೆ ಹ್ಯಾಂಗೆ ಗೊತ್ತಾಗ್ತದೆ ಸಾಯ್ಬ್ರೆ? ನಾವು ಮೊದ್ಲಿಂದ ಇಲ್ಲೇ ಇದ್ದವ್ರು. ಹೊರಗಿಂದ ಬಂದು ಹೊಕ್ಕವ್ರು ನೀವು. ಯಾವ ವರ್ಷ ಹೊಕ್ಕಿದ್ದು ಅಂತ ನೀವೇ ಬರ್ಕಳಿ."

ಸಾಹೇಬರ ಮುಖ ಕೆಂಪಾಯಿತು. "ನಾವೇನು ಬ್ರಿಟಿಷರಾ? ಈಗ ನಮ್ಮದೇ ಸರ್ಕಾರ ಅಲ್ವಾ?"

"ಹಂಗಾರೆ ಅವ್ರ ಪುಸ್ತಕ ಎಂತಕೆ ಓದ್ತ್ರಿ?"

ಅಷ್ಟು ಹೇಳಿ ಹೊರಗೆ ನಡೆದಳು. ನಾನು ಕಾಲು ಹಿಡಿಯುವುದೊಂದು ಬಾಕಿ. ಓದಿಲ್ಲದವಳು, ಗೊತ್ತಾಗದೆ ಅಂದಳು ಎಂದೆ. ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಹಾಗೆ ಅಂದೆ. ಸಾಹೇಬರು ಕಡತ ಮುಚ್ಚಿದರು.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಕಿಟಕಿಗೆ ಕೂತಳು. ಬಿಣಗಾ ದಾಟಿತು. ಹಾರವಾಡದ ತಿರುವಿನಲ್ಲಿ ಹಿಂದೆ ತಿರುಗದೆ ಕೇಳಿದಳು.

"ನೀ ಬರೀವಾಗ ನಿಂಗೆ ಗೊತ್ತಿತ್ತೇ?"

ಸುಳ್ಳು ಹೇಳಬಹುದಿತ್ತು. ಹತ್ತೊಂಬತ್ತರ ಹುಡುಗಿ, ಏನು ತಿಳಿಯುತ್ತದೆ ಎಂದರೆ ನಂಬುತ್ತಿದ್ದಳು.

"ಗೊತ್ತಿತ್ತು ಚಿಕ್ಕಿ" ಎಂದೆ.

ಅವಳು ಅಂಕೋಲೆಯಲ್ಲಿ ಇಳಿದು, ಬುಟ್ಟಿಯ ಬದನೆಯನ್ನು ಬಸ್‌ಸ್ಟ್ಯಾಂಡಿನ ದನಗಳ ಮುಂದೆ ಸುರಿದಳು.

ಉಳಿದ ನಲವತ್ತೆರಡು ಮನೆಯವರೂ ಮುಚ್ಚಳಿಕೆ ಕೊಟ್ಟರು. ಯಾರ ಅಜ್ಜನ ಹೆಸರು ಆ ಪುಸ್ತಕದಲ್ಲಿ ಸಿಕ್ಕಿತೋ ಅವರು ಹಬ್ಬ ಮಾಡಿದರು. ಸಿಗದವರು, ನಮ್ಮಜ್ಜನಿಗೆ ಜೈಲಿಗೆ ಹೋಗಲೂ ಯೋಗ್ಯತೆ ಇರಲಿಲ್ಲವಾ ಎಂದು ಕೊರಗಿದರು. ನನ್ನಣ್ಣ ಹರೀಶನೂ ಒತ್ತಿದ. ಎಲ್ಲವನ್ನೂ ಬರೆದವಳು ನಾನೇ. ನಲವತ್ತೆರಡು ಮನೆಯ ನೆಲ ಬಿಟ್ಟುಕೊಡುವ ಧೈರ್ಯ ನನಗಿರಲಿಲ್ಲ. ಇನ್ನೂ ಯಾರಿಗೂ ಹಕ್ಕುಪತ್ರ ಬಂದಿಲ್ಲ. ಬರದೇ ಇರುವುದಕ್ಕೆ ಕಾಮಿಯ ನಾಲಗೆಯೇ ಕಾರಣ ಎಂದು ಕೊಪ್ಪದಲ್ಲಿ ಮಾತಾಯಿತು. ಸಾಹೇಬರಿಗೆ ಎದುರು ಮಾತಾಡಿದವಳು ಎಂದು ಅವಳ ಹಿತ್ತಿಲ ದಾರಿಯಲ್ಲಿ ಹೋಗುವುದನ್ನೂ ಬಿಟ್ಟರು. ಅವಳು ಒಬ್ಬಳೇ ನೀರು ಹೊತ್ತಳು, ಒಬ್ಬಳೇ ಪೇಟೆಗೆ ಹೋದಳು. ನಾನು ಬಾವಿಕಟ್ಟೆಯಲ್ಲಿ ಎದುರಾದರೆ ಕೊಡ ತುಂಬಿಸದೆ ಹೊರಡುತ್ತಿದ್ದಳು. ಇಡೀ ಕೊಪ್ಪದಲ್ಲಿ ನಾವಿಬ್ಬರೇ ಒಂಟಿ ಹೆಂಗಸರು. ಇಬ್ಬರೂ ಬೇರೆ ಬೇರೆಯಾಗಿ ಒಂಟಿಯಾದೆವು.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಅವಳು ನಮ್ಮ ಅಂಗಳಕ್ಕೆ ಬಂದಳು. ಕೈಯಲ್ಲಿ ಕಂದು ಲಕೋಟೆ. ಜಗಲಿ ಹತ್ತಲಿಲ್ಲ. ಭಟ್ಟರ ಮನೆಯ ಅಂಗಳದಲ್ಲಿ ನಿಲ್ಲುವ ಹಾಗೆ ದೂರ ನಿಂತು ಕೈ ಚಾಚಿದಳು.

"ಓದು" ಎಂದಳು.

ಓದಿದೆ. ಅರ್ಜಿ ತಿರಸ್ಕಾರವಾಗಿದೆ. ಮೂವತ್ತು ದಿನದೊಳಗೆ ಜಾಗ ಖಾಲಿ ಮಾಡಬೇಕು. ಆ ಶಬ್ದ ಬಂದಲ್ಲಿ ಹಾರಿಸಿದೆ.

"ಬಿಡಬೇಡ. ಆ ಶಬ್ದ ಎಷ್ಟು ಸಲ ಅದೆ ಅದ್ರಲ್ಲಿ?"

"ನಾಕು ಸಲ."

"ನಾಕೂ ಸಲ ಓದು. ಜೋರಾಗಿ."

ಓದಿದೆ. ಅತಿಕ್ರಮಣದಾರಳಾದ ಕಾಮಿ ಕೋಂ ಜಟ್ಟ ಗೌಡ. ನನ್ನ ಬಾಯಿಂದ ನಾಲ್ಕು ಸಲ. ಅಣ್ಣನ ಹೆಂಡತಿ ಒಳಗಿನಿಂದ ಇಣುಕಿ ನೋಡಿದಳು. ಚಿಕ್ಕಿ ಕಣ್ಣು ಪಿಳುಕಿಸದೆ ಕೇಳಿದಳು.

"ಈಗ ಬರೀ. ನಾ ಹೇಳ್ತೆ. ನಾ ಹೇಳಿದ್ದಷ್ಟೇ ಬರೀಬೇಕು."

ಕಾಗದ ತಂದೆ. ಪೆನ್ನು ಹಿಡಿದು ಅಂಗಳಕ್ಕೆ ಇಳಿದೆ.

"ನಾ ಕಾಮಿ. ನಾ ಈ ಮನೇಲೇ ಹುಟ್ಟಿದ್ದು. ನಮ್ಮಜ್ಜ ಸುಕ್ರ ರಾಗಿ ಬಿತ್ತಿದ್ದ. ಅದು ತಪ್ಪಲ್ಲ. ನಾ ಏಳೂದಿಲ್ಲ."

ಬರೆದೆ. ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದಳು. ಒಂದೊಂದು ಶಬ್ದಕ್ಕೂ ಬೆರಳಿಟ್ಟು, ಇದು ಎಂತ, ಇದು ಎಂತ ಎಂದು ಕೇಳಿದಳು. ಆಮೇಲೆ ಹೆಬ್ಬೆರಳು ಒತ್ತಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕಾರವಾರಕ್ಕೆ ನಾನೂ ಬತ್ತೆ ಚಿಕ್ಕಿ" ಎಂದೆ. "ನೀ ಒಬ್ಬಳೇ ಹ್ಯಾಂಗೆ ಹೋಗ್ತೆ? ಅಲ್ಲಿ ಯಾರಾದ್ರೂ ಓದು ಬರಹ ಬಲ್ಲವ್ರು ನಿನ್ನ ಜೊತೆಗೆ ಬೇಕು."

ಅವಳು ಆಗಲೇ ಅಂಗಳ ದಾಟಿದ್ದಳು. ನಿಂತಳು. ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು.

"ಬೇಡ" ಎಂದಳು. "ಓದು ಬರಹ ಬಲ್ಲವ್ರು ಅಲ್ಲಿ ಬೇಕಾದಷ್ಟು ಜನ ಇದ್ರು."